ಯುದ್ಧಕ್ಕೆ ಮುಂಚಿನ ಸ್ನೇಹ ಸುಳ್ಳಾಗಿತ್ತಾ?

ಓದುಗರ ಪ್ರಶ್ನೆ:

ನಮಸ್ಕಾರ ಮೇಡಂ. ನಾವು ಹುಬ್ಬಳ್ಳಿಯವರು. ಗಂಡನ ಕೆಲಸದ ಮೇಲೆ ವಿಯೆನ್ನಾಕ್ಕೆ ಬಂದು ಆರು ವರ್ಷ ಆಯ್ತು. ನಮ್ಮ ಕೆಳಮನೆಯಲ್ಲಿ ಬೋಸ್ನಿಯಾದ ಒಬ್ಬ ಮುಸ್ಲಿಂ ಅಜ್ಜಿ ಇದ್ದಾರೆ. 1992ರಲ್ಲಿ ಕೊಜಾರಾತ್ಸ್ ಅನ್ನೋ ಊರಿಂದ ಉಟ್ಟ ಬಟ್ಟೆಯಲ್ಲೇ ಬಂದವರಂತೆ. ನನ್ನ ಮಗಳನ್ನು ಸ್ಕೂಲಿಂದ ಕರೆದುಕೊಂಡು ಬರುವುದು ಅವರೇ. ನನಗಂತೂ ತಾಯಿ ಇದ್ದ ಹಾಗೆ. ಎರಡು ತಿಂಗಳ ಹಿಂದೆ ಮೂರನೇ ಮಹಡಿಗೆ ವಯಸ್ಸಾದ ಸರ್ಬ್ ದಂಪತಿ ಬಂದರು, ಅವರ ಮಗಳ ಮನೆಗೆ. ನೋಡಿದರೆ ಅವರೂ ಅದೇ ಊರಿನವರು. ಯುದ್ಧಕ್ಕೆ ಮುಂಚೆ ಅಜ್ಜಿಯ ಪಕ್ಕದ ಬೀದಿಯಲ್ಲೇ ಇದ್ದರಂತೆ. ಮನೆಗೆ ಹೋಗಿ ಬರುವಷ್ಟು ಬಳಕೆ ಇತ್ತಂತೆ. ಅವರು ಬಂದಾಗಿನಿಂದ ಅಜ್ಜಿ ಕೆಳಗಿನ ಬಟ್ಟೆ ಒಗೆಯುವ ಕೋಣೆಗೇ ಹೋಗುವುದಿಲ್ಲ. ಎಲ್ಲಾ ಮನೆಯಲ್ಲೇ ಕೈಯಲ್ಲಿ ಒಗೆದು ಹಾಕುತ್ತಾರೆ. ಮೊನ್ನೆ ಮೇಲಿನ ಮನೆಯಾಕೆ ನನ್ನ ಕೈಗೆ ಒಂದು ಕಾಫಿಪುಡಿ ಪೊಟ್ಟಣ, ಒಂದು ಡಬ್ಬಿ ರತ್ಲುಕ್ ಮಿಠಾಯಿ ಕೊಟ್ಟು, ಅಜ್ಜಿಗೆ ತಲುಪಿಸಿ ಅಂದರು. ಅಜ್ಜಿ ನೋಡಿ, "ಒಯ್ದುಬಿಡು" ಅಂದರು, ಅಷ್ಟೇ. ಅಜ್ಜಿಯ ತಮ್ಮನನ್ನು 92ರಲ್ಲಿ ಎಳೆದುಕೊಂಡು ಹೋದವರು ಇವತ್ತಿಗೂ ಎಲ್ಲಿ ಅಂತ ಹೇಳಿಲ್ಲವಂತೆ.

ನಮ್ಮ ಓಣಿಯಲ್ಲಿ ರಮ್ಜಾನಿಗೆ ಸುರಕುಂಬಾ ಬರುತ್ತಿತ್ತು, ದೀಪಾವಳಿಗೆ ನಾವು ಕರಜಿಕಾಯಿ ಕಳಿಸುತ್ತಿದ್ದೆವು. ಅಷ್ಟು ಹತ್ತಿರ ಇದ್ದವರು ಹಿಂಗೆ ಹೇಗೆ ಆಗುತ್ತಾರೆ? ಆ ಸ್ನೇಹ ಸುಳ್ಳಾಗಿತ್ತಾ? ನನ್ನ ಗಂಡ, "ಅವರದು ಐನೂರು ವರ್ಷದ ದ್ವೇಷ, ನೀನು ನಡುವೆ ಹೋಗಬೇಡ" ಅನ್ನುತ್ತಾರೆ. ನನಗೋ ಇಬ್ಬರನ್ನೂ ಒಮ್ಮೆ ಮನೆಗೆ ಕರೆದು ಕಾಫಿಗೆ ಕೂರಿಸಿದರೆ ಸರಿ ಹೋಗಬಹುದು ಅನಿಸುತ್ತದೆ. ಇನ್ನೊಂದು, ಕೇಳೋಕೆ ಭಯ: ನಮ್ಮ ಕಡೆಯೂ ಹೀಗೆ ಆಗಬಹುದಾ?

(ಹೆಸರು ಬೇಡ, ವಿಯೆನ್ನಾ)

ಉತ್ತರ:

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು ಇವೆ. ಆದರೆ ನಿಮ್ಮನ್ನು ಕಾಡುತ್ತಿರುವುದು ಬಹುಶಃ ಒಂದೇ. ನೀವು ಪ್ರೀತಿಸುವ ಅಜ್ಜಿ, ಮಿಠಾಯಿ ಡಬ್ಬಿಯನ್ನು ಕೂಡ ಮುಟ್ಟದಷ್ಟು ಕಲ್ಲಾದದ್ದು ಯಾಕೆ, ಮತ್ತು ಅದನ್ನು ಕರಗಿಸುವುದು ನಿಮ್ಮ ಕೆಲಸವಾ? ನಾನು ಯುದ್ಧದಿಂದ ತಪ್ಪಿಸಿಕೊಂಡು ಬಂದವರ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಿದವಳು. ಅದರಲ್ಲಿ ಕೆಲವು ವರ್ಷ ಬೋಸ್ನಿಯಾದಲ್ಲೇ, ಊರಿಗೆ ಮರಳಿದ ಕುಟುಂಬಗಳ ನಡುವೆ. ಹಾಗಾಗಿ ಗೊತ್ತಿರುವುದನ್ನು ನೇರವಾಗಿ ಹೇಳುತ್ತೇನೆ. ಕಾಫಿಗೆ ಕರೆಯಬೇಡಿ. ಯಾಕೆ ಅಂತ ಆಮೇಲೆ ವಿವರಿಸುತ್ತೇನೆ. ಮೊದಲು ನಿಮ್ಮ ಯಜಮಾನರ ಮಾತಿಗೆ ಬರೋಣ.

"ಐನೂರು ವರ್ಷದ ದ್ವೇಷ" ಅನ್ನುವುದು 90ರ ದಶಕದಲ್ಲಿ ಯುರೋಪಿನ ದೊಡ್ಡ ದೊಡ್ಡ ರಾಜಕಾರಣಿಗಳೇ ಹೇಳಿಕೊಂಡು ಓಡಾಡಿದ ಮಾತು. ಅವರಿಗೆ ಅನುಕೂಲವೂ ಇತ್ತು ಬಿಡಿ. ದ್ವೇಷ ಅಷ್ಟು ಹಳೆಯದಾದರೆ ಯಾರೂ ಏನೂ ಮಾಡುವ ಹಾಗಿಲ್ಲವಲ್ಲ! ಅಜ್ಜಿಯ ಊರಿನ ಲೆಕ್ಕವನ್ನೇ ನೋಡಿ. ಕೊಜಾರಾತ್ಸ್ ಇರುವುದು ಪ್ರಿಯೆಡೋರ್ ನಗರಸಭೆಯ ವ್ಯಾಪ್ತಿಯಲ್ಲಿ. 1991ರ ಜನಗಣತಿಯಲ್ಲಿ ಅಲ್ಲಿ ಸುಮಾರು 1 ಲಕ್ಷ 12 ಸಾವಿರ ಜನ. ಮುಸ್ಲಿಮರು ಶೇ. 44ರ ಹತ್ತಿರ, ಆರ್ಥೊಡಾಕ್ಸ್ ಕ್ರೈಸ್ತರಾದ ಸರ್ಬರು ಶೇ. 42ರ ಹತ್ತಿರ. ಉಳಿದವರು ಕ್ಯಾಥೊಲಿಕ್ ಕ್ರೋಟರು, ಮತ್ತೆ "ನಾನು ಯುಗೊಸ್ಲಾವ್" ಅಂತಲೇ ಬರೆಸಿದವರು (ಬೋಸ್ನಿಯಾ ಆಗ ಯುಗೊಸ್ಲಾವಿಯಾ ಅನ್ನುವ ದೇಶದ ಭಾಗ). ಎಲ್ಲರೂ ಆಡುವುದು ಒಂದೇ ಭಾಷೆ. ಒಂದೇ ಕಬ್ಬಿಣದ ಗಣಿ, ಒಂದೇ ಕಾಗದದ ಕಾರ್ಖಾನೆ, ಒಂದೇ ಶಾಲೆ. ಮನೆಗೆ ಚಾವಣಿ ಹಾಕುವ ದಿನ ಬೀದಿಯವರೆಲ್ಲ ಬಂದು ಕೈ ಹಚ್ಚುವುದು ವಾಡಿಕೆ. ಬೈರಾಮ್ ಹಬ್ಬಕ್ಕೆ (ನಮ್ಮ ಕಡೆಯ ಈದ್) ಈ ಮನೆಯಿಂದ ಬಕ್ಲಾವಾ ಹೋದರೆ, ಈಸ್ಟರಿಗೆ ಆ ಮನೆಯಿಂದ ಬಣ್ಣದ ಮೊಟ್ಟೆ ಬರುತ್ತಿತ್ತು.

ಹಾಗಂತ ಹಳೆಯ ಗಾಯವೇ ಇರಲಿಲ್ಲ ಅಂದರೆ ಅದೂ ಸುಳ್ಳು. ಎರಡನೇ ಮಹಾಯುದ್ಧದ ನಡುವೆ, 1942ರ ಬೇಸಿಗೆಯಲ್ಲಿ, ಅದೇ ಕೊಜಾರಾ ಬೆಟ್ಟದ ಸುತ್ತಲಿನ ಹಳ್ಳಿಗಳಿಂದ ಜರ್ಮನ್ ಸೈನ್ಯ ಮತ್ತು ನಾಜಿಗಳ ಜೊತೆಗಿದ್ದ ಕ್ರೊಯೇಷಿಯಾದ ಉಸ್ತಾಶಾ ಪಡೆಗಳು ಸಾವಿರಾರು ಸರ್ಬ್ ಕುಟುಂಬಗಳನ್ನು ಹಿಡಿದು ಯಾಸೆನೊವಾತ್ಸ್ ಮುಂತಾದ ಶಿಬಿರಗಳಿಗೆ ಅಟ್ಟಿದವು. ಬೋಸ್ನಿಯಾದ ಪೂರ್ವದಲ್ಲಿ ಚೆಟ್ನಿಕ್ ಅನ್ನಿಸಿಕೊಂಡ ಸರ್ಬ್ ಪಡೆಗಳು ಮುಸ್ಲಿಮರನ್ನು ಕೊಂದವು. ಯುದ್ಧ ಮುಗಿದ ಮೇಲೆ ಯುಗೊಸ್ಲಾವಿಯಾದ ಕಮ್ಯುನಿಸ್ಟ್ ನಾಯಕ ಟಿಟೊ ಸರ್ಕಾರ ಬೆಟ್ಟದ ಮೇಲೆ ದೊಡ್ಡ ಸ್ಮಾರಕ ಕಟ್ಟಿಸಿತು, "ಸೋದರತ್ವ ಮತ್ತು ಐಕ್ಯತೆ" ಅಂತ ಘೋಷಣೆ ಕೊಟ್ಟಿತು. ಆದರೆ ಯಾರು ಯಾರನ್ನು ಕೊಂದರು ಅನ್ನುವ ಮಾತು ಎತ್ತುವ ಹಾಗಿರಲಿಲ್ಲ. ಅದು ಅಡುಗೆಮನೆಯಲ್ಲಿ, ಅಜ್ಜಂದಿರ ಬಾಯಲ್ಲಿ ಮಾತ್ರ ಉಳಿಯಿತು. 1990ರ ಹೊತ್ತಿಗೆ ರಾಜಕಾರಣಿಗಳು ಬಂದು ಹಳೆಯ ಸಮಾಧಿಗಳನ್ನು ಅಗೆದು, ಟಿವಿಯಲ್ಲಿ ಮೂಳೆ ತೋರಿಸಿ, "ಮತ್ತೆ ಅದೇ ಆಗುತ್ತದೆ, ಈ ಸಲ ನಾವೇ ಮೊದಲು ಎಚ್ಚೆತ್ತುಕೊಳ್ಳಬೇಕು" ಅಂದಾಗ ಜನ ನಂಬಿದ್ದು ಅದಕ್ಕೇ. ದ್ವೇಷಕ್ಕಿಂತ ಹೆಚ್ಚಾಗಿ ಅಲ್ಲಿ ಬೇಯುತ್ತಿದ್ದದ್ದು ಹೆದರಿಕೆ.

ಮುಂದೆ ಆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಜ್ಜಿ ಇದನ್ನೆಲ್ಲ ನಿಮಗೆ ಹೇಳಿರಲಿಕ್ಕಿಲ್ಲ.

ಯುದ್ಧ ಶುರುವಾಗುವ ಮೊದಲೇ ಕೊಜಾರಾ ಬೆಟ್ಟದ ಟಿವಿ ಟವರನ್ನು ಸರ್ಬ್ ಶಸ್ತ್ರಧಾರಿಗಳು ಹಿಡಿದುಕೊಂಡರು. ಊರಿನವರಿಗೆ ರಾಜಧಾನಿ ಸರಯೆವೊದ ಸುದ್ದಿ ನಿಂತಿತು, ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನ ಸುದ್ದಿ ಮಾತ್ರ ಉಳಿಯಿತು. ಪಕ್ಕದ ಕ್ರೊಯೇಷಿಯಾದಲ್ಲಿ 1991ರಲ್ಲಿ ಯುದ್ಧ ಹತ್ತಿದಾಗ ಯುಗೊಸ್ಲಾವ್ ಸೈನ್ಯ ಎಲ್ಲರನ್ನೂ ಕರೆಯಿತು. ಸರ್ಬರಲ್ಲಿ ಬಹಳ ಮಂದಿ ಹೋದರು, ಮುಸ್ಲಿಮರು ಮತ್ತು ಕ್ರೋಟರಲ್ಲಿ ಹೆಚ್ಚಿನವರು ಒಲ್ಲೆ ಅಂದರು. ಒಂದೇ ಬೀದಿಯಲ್ಲಿ ಒಂದು ಮನೆಯಲ್ಲಿ ಬಂದೂಕು, ಇನ್ನೊಂದರಲ್ಲಿ ಇಲ್ಲ. 1992ರ ಏಪ್ರಿಲ್ 30ರ ಬೆಳಗಿನ ಜಾವ ಸರ್ಬ್ ಪಕ್ಷದವರು ಪೊಲೀಸರ, ಸೈನಿಕರ ಸಹಾಯದಿಂದ ಊರಿನ ಆಡಳಿತವನ್ನು ವಶಕ್ಕೆ ತೆಗೆದುಕೊಂಡರು. ಜನ ಎದ್ದು ಕೆಲಸಕ್ಕೆ ಹೊರಟರೆ ಮೂಲೆ ಮೂಲೆಗೂ ಚೆಕ್‌ಪೋಸ್ಟ್. ಕೆಲವೇ ದಿನಗಳಲ್ಲಿ ಮುಸ್ಲಿಮರನ್ನು, ಕ್ರೋಟರನ್ನು ಕೆಲಸದಿಂದ ತೆಗೆದರು. ಮೇ 24ರಂದು ಕೊಜಾರಾತ್ಸ್ ಮೇಲೆ ಫಿರಂಗಿ ದಾಳಿ. ಮೇ 31ರಂದು ರೇಡಿಯೊದಲ್ಲಿ ಹೊಸ ಆಜ್ಞೆ: ಸರ್ಬರಲ್ಲದವರು ಮನೆಗೆ ಬಿಳಿ ಬಟ್ಟೆ ಕಟ್ಟಬೇಕು, ಹೊರಗೆ ಬಂದರೆ ತೋಳಿಗೆ ಬಿಳಿ ಪಟ್ಟಿ. ಆ ಬೇಸಿಗೆಯಲ್ಲಿ ಒಮಾರ್ಸ್ಕಾ ಗಣಿಯ ಕಟ್ಟಡಗಳು, ಕೆರಾತೆರ್ಮ್ ಅನ್ನುವ ಕಾರ್ಖಾನೆ, ತ್ರ್ನೊಪೊಲ್ಯೆಯ ಶಾಲೆ, ಎಲ್ಲವೂ ಬಂದಿಶಿಬಿರಗಳಾದವು. ನಿನ್ನೆ ಮೊನ್ನೆವರೆಗೆ ಜನ ಸಂಬಳಕ್ಕೆ, ಪಾಠಕ್ಕೆ ಹೋಗುತ್ತಿದ್ದ ಜಾಗಗಳು ಇವು. ಆಗಸ್ಟಿನಲ್ಲಿ ವಿದೇಶಿ ಪತ್ರಕರ್ತರು ಒಳಗೆ ಹೋಗಿ ಚಿತ್ರ ತೆಗೆದ ಮೇಲೆಯೇ ಜಗತ್ತಿಗೆ ಗೊತ್ತಾದದ್ದು. ಪ್ರಿಯೆಡೋರ್ ಒಂದರಲ್ಲೇ ಸತ್ತವರು, ಕಾಣೆಯಾದವರು 3 ಸಾವಿರಕ್ಕೂ ಜಾಸ್ತಿ. ಬದುಕಿ ಹೊರಟವರಿಂದ "ನಮ್ಮ ಆಸ್ತಿ ನಮಗೆ ಬೇಡ" ಅಂತ ಸಹಿ ಹಾಕಿಸಿಕೊಂಡು ಬಸ್ಸು ಹತ್ತಿಸಿದರು. ಯುದ್ಧದ ಕಾಲದಲ್ಲಿ ಆಸ್ಟ್ರಿಯಾ ಸುಮಾರು 90 ಸಾವಿರ ಬೋಸ್ನಿಯನ್ನರಿಗೆ ಜಾಗ ಕೊಟ್ಟಿತು. ನಿಮ್ಮ ಅಜ್ಜಿ ಅವರಲ್ಲಿ ಒಬ್ಬರು.

ಇಲ್ಲಿ ಒಂದು ವಿಷಯ ಗಮನಿಸಿ. ಪಕ್ಕದ ಮನೆಯವರ ಸಂಬಂಧ ಒಡೆದ ಮೇಲೆ ಊರು ಒಡೆದದ್ದಲ್ಲ ಇದು. ಮೊದಲು ಹೋದದ್ದು ಟಿವಿ, ಆಮೇಲೆ ಪೊಲೀಸ್ ಠಾಣೆ, ಆಮೇಲೆ ಕೆಲಸ, ಕೊನೆಗೆ ಬೀದಿ. ಮಿಠಾಯಿ ಹಂಚಿಕೊಳ್ಳುವ ಸ್ನೇಹಕ್ಕೆ ಇದನ್ನೆಲ್ಲ ತಡೆಯುವ ಬಲ ಎಲ್ಲಿಂದ ಬರಬೇಕು? ಕಷ್ಟಕ್ಕೆ ಸಕ್ಕರೆ, ಸಾಲ, ಹೆಗಲು ಕೊಡುವ ಸ್ನೇಹ ಅದು. ಬಂದೂಕು ಹಿಡಿದ ಸರ್ಕಾರದ ಎದುರು ನಿಲ್ಲಬೇಕಾಗಿ ಬರುತ್ತದೆ ಅಂತ ಯಾರೂ ಅದನ್ನು ಕಟ್ಟಿರಲಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಆ ಸ್ನೇಹ ನಿಜವೇ ಆಗಿತ್ತು. ಸಾಲಲಿಲ್ಲ.

"ಹಾಗಾದರೆ ನೆರೆಯವರದು ತಪ್ಪಿಲ್ಲವಾ?" ಅಂತ ಕೇಳಬಹುದು. ಇಲ್ಲಿ ಇನ್ನೊಂದು ಅರ್ಧಸತ್ಯ ಇದೆ. ಕೆಲವರು "ಎಲ್ಲಾ ಹೊರಗಿನಿಂದ ಬಂದ ಗೂಂಡಾಗಳು ಮಾಡಿದ್ದು, ನಮ್ಮ ಊರಿನವರು ಒಳ್ಳೆಯವರು" ಅನ್ನುತ್ತಾರೆ. ಬೋಸ್ನಿಯಾದ ಬೇರೆ ಕಡೆ ಅದು ಎಷ್ಟೋ ನಿಜ. ಪ್ರಿಯೆಡೋರ್‌ನಲ್ಲಿ ಸ್ಥಳೀಯರ ಕೈ ದೊಡ್ಡದಾಗಿಯೇ ಇತ್ತು. ಯುದ್ಧಾಪರಾಧಕ್ಕಾಗಿ ಹೇಗ್‌ನಲ್ಲಿ ವಿಶ್ವಸಂಸ್ಥೆ ಮಾಡಿದ ನ್ಯಾಯಮಂಡಳಿಯ ಮೊದಲ ಪೂರ್ಣ ವಿಚಾರಣೆ ನಡೆದದ್ದೇ ಕೊಜಾರಾತ್ಸ್‌ನ ದುಶ್ಕೊ ತಾದಿಚ್ ಎಂಬಾತನ ಮೇಲೆ. ಊರಿನಲ್ಲಿ ಕೆಫೆ ಇಟ್ಟಿದ್ದ, ಕರಾಟೆ ಕಲಿಸುತ್ತಿದ್ದ. ಹತ್ತಿರದ ಗೆಳೆಯರಲ್ಲಿ ಮುಸ್ಲಿಮರೇ ಜಾಸ್ತಿ. 1994ರಲ್ಲಿ ಮ್ಯೂನಿಕ್‌ನಲ್ಲಿ ಸಿಕ್ಕಿಬಿದ್ದ, 1997ರಲ್ಲಿ ಅಪರಾಧ ಸಾಬೀತಾಯಿತು. ಸಾಕ್ಷಿ ಹೇಳಿದವರಲ್ಲಿ ಆತನನ್ನು ಎಷ್ಟೋ ವರ್ಷದಿಂದ ಬಲ್ಲವರಿದ್ದರು.

ಇನ್ನೊಬ್ಬನ ಕಥೆ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಒಮಾರ್ಸ್ಕಾ ಶಿಬಿರದಲ್ಲಿ ಅಧಿಕಾರದಲ್ಲಿದ್ದ ಪೊಲೀಸ್, ಮಿರೊಸ್ಲಾವ್ ಕ್ವೊಚ್ಕಾ. ಹೆಂಡತಿ ಮುಸ್ಲಿಂ. ಹೆಂಡತಿಯ ಅಣ್ಣತಮ್ಮಂದಿರನ್ನು ಉಳಿಸಲು ಆತ ಓಡಾಡಿದ. ಉಳಿದ ಬಂದಿಗಳಿಗೆ ಏನಾಗುತ್ತಿದೆ ಅಂತ ಗೊತ್ತಿದ್ದೂ ಡ್ಯೂಟಿಯಲ್ಲಿ ಮುಂದುವರಿದ. ಕೋರ್ಟು 7 ವರ್ಷ ಶಿಕ್ಷೆ ಕೊಟ್ಟಿತು. ಯುದ್ಧದಲ್ಲಿ ಇಂಥವರೇ ಜಾಸ್ತಿ ಅಂತ ನನ್ನ ಅನುಭವ. "ನಮ್ಮವರು" ಅನ್ನುವ ವರ್ತುಲ ಸಣ್ಣದಾಗುತ್ತಾ ಹೋಗಿ, ಕೊನೆಗೆ ತನ್ನ ಮನೆಯ ನಾಲ್ಕು ಜನಕ್ಕೆ ಬಂದು ನಿಲ್ಲುತ್ತದೆ.

ಇದಕ್ಕೆ ಒಂದು ಕಾರಣ, ಸಹಾಯ ಮಾಡಿದವರಿಗೆ ಏನಾಯಿತು ಅನ್ನುವುದು ಎಲ್ಲರಿಗೂ ಕಾಣುತ್ತಿತ್ತು. ದಕ್ಷಿಣದ ತ್ರೆಬಿನ್ಯೆಯಲ್ಲಿ ಸ್ರ್ಜಾನ್ ಅಲೆಕ್ಸಿಚ್ ಅನ್ನುವ ಸರ್ಬ್ ಯುವಕನಿದ್ದ. 1993ರ ಜನವರಿಯಲ್ಲಿ ನಾಲ್ಕು ಜನ ಸೈನಿಕರು ಮುಸ್ಲಿಂ ಪರಿಚಯಸ್ಥನೊಬ್ಬನಿಗೆ ಹೊಡೆಯುತ್ತಿದ್ದಾಗ ಅಡ್ಡ ಬಂದ. ಸೈನಿಕರೂ ಸರ್ಬರೇ. ಬಂದೂಕಿನ ಹಿಂಬದಿಯಿಂದ ಆತನನ್ನೇ ಹೊಡೆದರು. ಕೆಲವು ದಿನಕ್ಕೆ ತೀರಿಕೊಂಡ. ಇವತ್ತು ಹಲವು ಊರುಗಳಲ್ಲಿ ಆತನ ಹೆಸರಿನ ಬೀದಿಗಳಿವೆ, ಸರಿಯೇ. ಅವತ್ತು ಅದನ್ನು ಕೇಳಿದ ಸಾಮಾನ್ಯ ಮನುಷ್ಯ ಏನು ಮಾಡಿರಬಹುದು ಯೋಚಿಸಿ. ಬಾಗಿಲು ಹಾಕಿಕೊಂಡಿರುತ್ತಾನೆ.

ಈ ಬಾಗಿಲು ಹಾಕಿಕೊಂಡವರ ವಿಷಯಕ್ಕೇ ನಿಮ್ಮ ಅಜ್ಜಿಯ ಮೌನ ಅಂಟಿಕೊಂಡಿದೆ ಅಂತ ನನ್ನ ಊಹೆ. ನನ್ನ ಬಳಿ ಬಂದವರು ಗುಂಡು ಹೊಡೆದವನ ಬಗ್ಗೆ ಆಶ್ಚರ್ಯ ಆಗುವಷ್ಟು ಕಡಿಮೆ ಮಾತಾಡುತ್ತಿದ್ದರು. ಅವನು ಕೊಲೆಗಾರ, ಮುಗಿಯಿತು. ಮಾತು ಸುತ್ತಿ ಸುತ್ತಿ ಬರುತ್ತಿದ್ದದ್ದು ಪರದೆ ಎಳೆದುಕೊಂಡ ಪಕ್ಕದ ಮನೆಯವರ ಹತ್ತಿರಕ್ಕೆ. "ಅವರಿಗೆ ಮುಂಚೆಯೇ ಗೊತ್ತಿತ್ತು. ಮಕ್ಕಳನ್ನು ವಾರದ ಹಿಂದೆಯೇ ಊರಿಗೆ ಕಳಿಸಿದ್ದರು. ನಮಗೊಂದು ಮಾತು ಹೇಳಬಾರದಿತ್ತಾ?" ಈ ಮಾತನ್ನು ಬೇರೆ ಬೇರೆ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ.

ಊರಿಗೆ ಮರಳಿದ ಒಬ್ಬ ಹೆಂಗಸು ತನ್ನ ಹೊಲಿಗೆ ಮೆಷಿನ್ನನ್ನು ಪಕ್ಕದ ಮನೆಯ ಕಿಟಕಿಯ ಪಕ್ಕ ನೋಡಿದರು. ಕಾಲಿನ ಪೆಡಲಿಗೆ ತಾವೇ ಸುತ್ತಿದ್ದ ನೀಲಿ ಬಟ್ಟೆ ಹಾಗೇ ಇತ್ತಂತೆ. ಪಕ್ಕದ ಮನೆಯಾಕೆ, "ಕಳ್ಳರು ಒಯ್ಯಬಾರದು ಅಂತ ತಂದಿಟ್ಟುಕೊಂಡೆ, ತಗೊಂಡು ಹೋಗು" ಅಂದರು. ಇರಬಹುದು. ಅಷ್ಟು ವರ್ಷ ಅದರಲ್ಲಿ ಹೊಲಿದದ್ದೂ ನಿಜ ಇರಬಹುದು. ಇವರು ಮೆಷಿನ್ ತಂದರು, ಧನ್ಯವಾದ ಹೇಳಿದರು, ಮತ್ತೆ ಆ ಮನೆಗೆ ಹೋಗಲಿಲ್ಲ. ಯಾವುದು ನಿಜ ಅಂತ ತಿಳಿಯದೆ ಇರುವುದೇ ಅವರಿಗೆ ತಡೆಯಲಾಗುತ್ತಿರಲಿಲ್ಲ.

ನಿಮ್ಮ ಅಜ್ಜಿಯ ವಿಷಯದಲ್ಲಿ ಇದಕ್ಕಿಂತ ಭಾರವಾದದ್ದು ಇದೆ: ತಮ್ಮ. ಬೋಸ್ನಿಯಾ ಯುದ್ಧದಲ್ಲಿ ಕಾಣೆಯಾದವರು ಸುಮಾರು 30 ಸಾವಿರ. ಮೂಳೆಯ ಡಿಎನ್‌ಎ ಪರೀಕ್ಷೆಯಿಂದ ಮುಕ್ಕಾಲು ಪಾಲಿನವರ ಗುರುತು ಸಿಕ್ಕಿದೆ. ಉಳಿದ ಸಾವಿರಾರು ಜನ ಇನ್ನೂ ಎಲ್ಲೋ ಮಣ್ಣಿನಲ್ಲಿದ್ದಾರೆ. ಪ್ರಿಯೆಡೋರ್ ಹತ್ತಿರದ ತೊಮಾಶಿತ್ಸಾ ಗಣಿಯಲ್ಲಿ 2013ರಲ್ಲಿ ಒಂದು ಸಾಮೂಹಿಕ ಗುಂಡಿ ಸಿಕ್ಕಿತು. 400ಕ್ಕೂ ಹೆಚ್ಚು ದೇಹಗಳು. ಅಷ್ಟು ದೊಡ್ಡ ಗುಂಡಿ ತೋಡಬೇಕಾದರೆ ಜೆಸಿಬಿ ಬೇಕು, ಲಾರಿ ಬೇಕು, ಡ್ರೈವರ್‌ಗಳು ಬೇಕು. ಸುತ್ತಲಿನವರಿಗೆ ಕಾಣದೆ ಇರುತ್ತದಾ? ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸುದ್ದಿ ಹೊರಬರಲಿಲ್ಲ. ಈಗ ಅಜ್ಜಿಯ ಜಾಗದಲ್ಲಿ ನಿಂತು ಮೇಲಿನ ಮನೆಯವರನ್ನು ನೋಡಿ. ಅವರು ಕೆಟ್ಟವರು ಅಂತಲೇ ಇರಬೇಕಿಲ್ಲ. "ಇವರಿಗೆ ಗೊತ್ತಿರಬಹುದು" ಅನ್ನುವುದೊಂದೇ ಸಾಕು. ಹಾಗಿರುವಾಗ ಅವರ ಕಾಫಿ ಗಂಟಲಿನಲ್ಲಿ ಇಳಿಯುವುದು ಹೇಗೆ?

ಮೇಲಿನ ಮನೆಯಾಕೆಯ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ನ್ಯಾಯವಲ್ಲ. ಆಕೆಯ ಮಗನೋ ತಮ್ಮನೋ ಒತ್ತಾಯಕ್ಕೆ ಸೈನ್ಯ ಸೇರಿ ಸತ್ತಿರಬಹುದು. ಅವರಿಗೂ ರಾತ್ರಿ ನಿದ್ದೆ ಬಾರದೆ ಇರಬಹುದು. ರತ್ಲುಕ್ ಜೊತೆ ಕಾಫಿಪುಡಿ ಕೊಡುವುದು ಅವರ ಕಡೆ ಮನೆಗೆ ಹೋಗುವವರು ಒಯ್ಯುವ ಉಡುಗೊರೆ, ನಮ್ಮಲ್ಲಿ ಹಣ್ಣು ಒಯ್ದ ಹಾಗೆ. ಆಕೆ ಸಾವಿರ ಸಲ ಯೋಚಿಸಿಯೇ ಅದನ್ನು ನಿಮ್ಮ ಕೈಗೆ ಕೊಟ್ಟಿರುತ್ತಾರೆ. ಆದರೆ ಇದರ ಅರ್ಥ ಏನು ಅಂತ ನಮಗೆ ಗೊತ್ತಿಲ್ಲ. ಕ್ಷಮೆಯಾ? "ಹಳೆಯದು ಮರೆತುಬಿಡೋಣ" ಅಂತಲಾ? ಇಲ್ಲಾ "ನಾವೇನೂ ಮಾಡಿಲ್ಲ" ಅಂತಲಾ? ಮೂರಕ್ಕೂ ಅಜಗಜಾಂತರ ಇದೆ.

ಈಗ ನೀವು ಏನು ಮಾಡಬಹುದು ಅನ್ನುವುದಕ್ಕೆ ಬರುತ್ತೇನೆ.

ಇಬ್ಬರನ್ನೂ ಕಾಫಿಗೆ ಕರೆಯುವುದು, ಅದರಲ್ಲೂ ಒಬ್ಬರಿಗೆ ಹೇಳದೆ ಕರೆಯುವುದು, ಬೇಡವೇ ಬೇಡ. ಅಜ್ಜಿ ಎದ್ದು ಹೋಗಬಹುದು, ಅದು ಸಣ್ಣ ಅಪಾಯ. ದೊಡ್ಡ ಅಪಾಯ ಅಂದರೆ ಅವರು ಎದ್ದು ಹೋಗದೆ ಇರುವುದು. ನಿಮ್ಮ ಮೇಲಿನ ಪ್ರೀತಿಗೆ ಸುಮ್ನೆ ಕೂತು, ನಕ್ಕು, ಕಾಫಿ ಕುಡಿದು ಹೋಗಿ, ಆಮೇಲೆ ನಿಮ್ಮ ಮನೆಗೆ ಬರುವುದನ್ನೇ ನಿಲ್ಲಿಸುತ್ತಾರೆ. ವಿಯೆನ್ನಾದಲ್ಲಿ ಅವರಿಗೆ ಭಯವಿಲ್ಲದೆ ಕೂರುವ ಜಾಗಗಳು ಎಷ್ಟಿವೆಯೋ ಗೊತ್ತಿಲ್ಲ. ನಿಮ್ಮ ಅಡುಗೆಮನೆ ಅದರಲ್ಲಿ ಒಂದು. ಅದನ್ನು ಕಳೆಯಬೇಡಿ.

ಎರಡೂ ಮನೆಯವರ ಜೊತೆ ಬೇರೆ ಬೇರೆಯಾಗಿ ಚೆನ್ನಾಗಿ ಇರಬಹುದು. ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ. ಇದರಲ್ಲೂ ಒಂದು ಇಕ್ಕಟ್ಟು ಇದೆ. ಅಜ್ಜಿಗೆ "ಇವಳು ಅವರ ಕಡೆ ವಾಲುತ್ತಿದ್ದಾಳೆ" ಅನಿಸಬಹುದು. ಹಾಗಾಗಿ ಮುಚ್ಚಿಡಬೇಡಿ. "ನಾನು ಮೇಲಿನವರ ಜೊತೆ ಮಾತಾಡುತ್ತೇನೆ, ಮಗಳು ಅವರ ಮೊಮ್ಮಗುವಿನ ಜೊತೆ ಆಡಬಹುದು, ಆದರೆ ನಿಮ್ಮ ಸುದ್ದಿ ಅಲ್ಲಿಗೆ, ಅವರ ಸುದ್ದಿ ಇಲ್ಲಿಗೆ ತರುವುದಿಲ್ಲ" ಅಂತ ಒಮ್ಮೆ ಹೇಳಿಬಿಡಿ. ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ. ಇದು ಕೇಳಿಸಿದಷ್ಟು ಸುಲಭ ಅಲ್ಲ. ಮಗುವಿಗೆ ಮಾತ್ರ ಏನೂ ಹೇಳಬೇಡಿ, ಯಾರಿಂದಲೂ ದೂರ ಇರಿಸಬೇಡಿ.

ಕಾಫಿಪುಡಿ, ಮಿಠಾಯಿ ವಾಪಸ್ ಕೊಡಿ. "ಅವರು ಊರಲ್ಲಿಲ್ಲ", "ಅವರಿಗೆ ಶುಗರ್" ಅಂತ ಸುಳ್ಳು ಹೇಳಬೇಡಿ. "ಅವರು ತೆಗೆದುಕೊಳ್ಳಲಿಲ್ಲ" ಅಂದರೆ ಸಾಕು. ಆಕೆಗೆ ಬೇಜಾರಾಗುತ್ತದೆ, ಆಗಲಿ. ಆಕೆ ಮುಂದೆ ಮಾತು ತೆಗೆದರೆ ಮಾತ್ರ ಒಂದು ಸಲಹೆ ಕೊಡಬಹುದು: ಹೇಳುವುದಿದ್ದರೆ ಕಾಗದದಲ್ಲಿ ಬರೆಯಿರಿ, ಲಕೋಟೆ ಅಂಟಿಸಿ ಕೊಡಿ, ಓದುವುದು ಬಿಡುವುದು ಅವರಿಗೆ ಬಿಟ್ಟದ್ದು. ಕಾಗದಕ್ಕೂ ಅಪಾಯ ಇದೆ. "ಯುದ್ಧದಲ್ಲಿ ಎಲ್ಲರೂ ನೋವುಂಡೆವು" ಅನ್ನುವ ಒಂದು ವಾಕ್ಯ ಅದರಲ್ಲಿದ್ದರೆ ಅಜ್ಜಿಗೆ ಮತ್ತೊಂದು ಪೆಟ್ಟು. ನಾನು ನೋಡಿದ ಹಾಗೆ ನಾಟಿದ ಕಾಗದಗಳು ತುಂಬಾ ಸಣ್ಣವು. ಆ ದಿನ ನಾನು ಇಂಥ ಕಡೆ ಇದ್ದೆ, ಇದನ್ನು ಕಂಡೆ, ನಿನ್ನ ಬಾಗಿಲಿಗೆ ಬರಲಿಲ್ಲ. ಅಷ್ಟೇ ಇರುತ್ತಿತ್ತು.

ಆಕೆಗೆ ಅಥವಾ ಆಕೆಯ ಗಂಡನಿಗೆ ಕಾಣೆಯಾದವರ ಬಗ್ಗೆ ಏನಾದರೂ ಗೊತ್ತಿದ್ದರೆ, ಅದನ್ನು ಅಜ್ಜಿಗೆ ಹೇಳುವುದು ನಿಮ್ಮ ಕೆಲಸ ಅಲ್ಲ. ಕೇಳಲು ಹೋಗಲೇಬೇಡಿ. ತಾವಾಗಿ ಬಾಯಿ ಬಿಟ್ಟರೆ, ಕಾಣೆಯಾದವರ ಅಂತರರಾಷ್ಟ್ರೀಯ ಆಯೋಗಕ್ಕೆ ಹೆಸರು ಹೇಳದೆಯೇ ಗುಂಡಿಯ ಜಾಗ ತಿಳಿಸಬಹುದು ಅಂತ ಹೇಳಿ. ಊರಿನ ಕಣ್ಣಿಗೆ ದ್ರೋಹಿ ಆಗುತ್ತೇವೆ ಅನ್ನುವ ಹೆದರಿಕೆ ಇಂಥವರಿಗೆ ಇವತ್ತಿಗೂ ಇದೆ. ಅಜ್ಜಿಯ ಕಡೆಯಿಂದ ಒಂದು ಕೆಲಸ ಮುಗಿದಿದೆಯಾ ಅಂತ ಅವರ ಮಕ್ಕಳನ್ನು ವಿಚಾರಿಸಬಹುದು: ತಮ್ಮನ ಗುರುತಿಗಾಗಿ ರಕ್ತದ ಮಾದರಿ ಕೊಟ್ಟಿದ್ದಾರಾ? ವಿದೇಶದಲ್ಲಿರುವ ಬಂಧುಗಳಿಂದಲೂ ಇದನ್ನು ತೆಗೆದುಕೊಂಡಿದ್ದಾರೆ. ಒಡಹುಟ್ಟಿದವರು ಬದುಕಿರುವಾಗಲೇ ಕೊಟ್ಟರೆ ಗುರುತಿಗೆ ಬಹಳ ಅನುಕೂಲ.

ಬಟ್ಟೆ ಒಗೆಯುವ ಕೋಣೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿ ಎದುರಾಗುವ ಭಯ ಇದ್ದರೆ, ನೀವು ಹೋಗುವ ದಿನವೇ ಅವರನ್ನೂ ಜೊತೆಗೆ ಕರೆಯಿರಿ. ಭಾಷಣಕ್ಕಿಂತ ಇದು ಎಷ್ಟೋ ವಾಸಿ. ನಿದ್ದೆ ಕೆಟ್ಟಿದ್ದರೆ, ಊಟ ಬಿಟ್ಟಿದ್ದರೆ, ಬೆಲ್ ಆದರೆ ಬೆಚ್ಚಿ ಬೀಳುತ್ತಿದ್ದರೆ ಮನೆ ಡಾಕ್ಟರಿಗೆ ತಿಳಿಸಬೇಕು. ಯುದ್ಧ, ಚಿತ್ರಹಿಂಸೆಯಿಂದ ಪಾರಾದವರಿಗೆಂದೇ ವಿಯೆನ್ನಾದಲ್ಲಿ ಹೇಮಾಯತ್ ಅನ್ನುವ ಕೇಂದ್ರ ಇದೆ. ಮೂವತ್ತು ವರ್ಷ ಗಟ್ಟಿಯಾಗಿದ್ದವರು ಒಂದು ಮುಖ ಕಂಡ ಕೂಡಲೇ ಕುಸಿಯುವುದು ನಮ್ಮ ಕೆಲಸದಲ್ಲಿ ಅಪರೂಪ ಅಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನಮ್ಮ ಕಡೆಯೂ ಹೀಗೆ ಆಗುತ್ತದಾ ಅಂತ ಭವಿಷ್ಯ ಹೇಳುವವಳು ನಾನಲ್ಲ. ಬೋಸ್ನಿಯಾದ ಪರಿಸ್ಥಿತಿಯೇ ಬೇರೆ, ಒಂದು ದೇಶವೇ ಒಡೆಯುತ್ತಿತ್ತು. ಆದರೆ ಅದೇ ಬೋಸ್ನಿಯಾದಲ್ಲಿ ತುಜ್ಲಾ ಅನ್ನುವ ಊರನ್ನು ನೋಡಿ. ಅಲ್ಲಿಯೂ ಮೂರೂ ಮತದವರು, ಅಲ್ಲಿಯೂ ಗಣಿ, ಅಲ್ಲಿಯೂ ಬೈರಾಮ್ ಬಕ್ಲಾವಾ. 1990ರ ಚುನಾವಣೆಯಲ್ಲಿ ಬಹುಪಾಲು ಊರುಗಳು ತಮ್ಮ ತಮ್ಮ ಮತದ ಪಕ್ಷಕ್ಕೆ ಓಟು ಹಾಕಿದರೆ, ತುಜ್ಲಾ ಎಲ್ಲರೂ ಸೇರಿದ ಪಕ್ಷಗಳನ್ನು ಗೆಲ್ಲಿಸಿತು. ಸೆಲಿಮ್ ಬೆಶ್ಲಾಗಿಚ್ ಮೇಯರ್ ಆದರು. ಗಣಿ ಕಾರ್ಮಿಕರ ಸಂಘಕ್ಕೆ 1920ರ ಮುಷ್ಕರದ ಕಾಲದಿಂದ ಬಂದ ಗತ್ತು ಇತ್ತು. ಪೊಲೀಸು, ನಗರಸಭೆ ಯಾವುದೂ ಒಂದೇ ಮತದವರ ಕೈಗೆ ಹೋಗಲಿಲ್ಲ. ಅಲ್ಲೂ ಎಲ್ಲಾ ಸರಿ ಇತ್ತು ಅಂತಲ್ಲ, ಸಾವಿರಾರು ಸರ್ಬರು ಊರು ಬಿಟ್ಟರು. ಆದರೂ ಬಹಳ ಮಂದಿ ಉಳಿದರು, ಬೀದಿಗಳು ಒಬ್ಬರನ್ನೊಬ್ಬರು ಕೊಲ್ಲಲಿಲ್ಲ. 1995ರ ಮೇ 25ರಂದು ಹೊರಗಿನಿಂದ ಬಿದ್ದ ಶೆಲ್ಲಿಗೆ ಊರ ನಡುವೆ 71 ಜನ ಸತ್ತರು, ಹೆಚ್ಚಿನವರು ಹುಡುಗ ಹುಡುಗಿಯರು. ಅವರಲ್ಲಿ ಬಹುತೇಕರನ್ನು ಮತ ಬೇರೆ ಮಾಡದೆ ಒಂದೇ ಕಡೆ ಮಣ್ಣು ಮಾಡಿದರು.

ಭಾರತದ ನಗರಗಳ ಬಗ್ಗೆ ರಾಜ್ಯಶಾಸ್ತ್ರಜ್ಞ ಆಶುತೋಷ್ ವಾರ್ಷ್ನೆ ಮಾಡಿದ ಅಧ್ಯಯನವೂ ಇಂಥದ್ದೇ ಹೇಳುತ್ತದೆ. ಅಲಿಗಢ ಮತ್ತು ಕಲ್ಲಿಕೋಟೆಯಲ್ಲಿ ಹಿಂದೂ ಮುಸ್ಲಿಮರ ಪ್ರಮಾಣ ಹೆಚ್ಚು ಕಡಿಮೆ ಒಂದೇ, ಆದರೆ ಗಲಭೆ ಒಂದರಲ್ಲಿ ಮಾತ್ರ. ಕಲ್ಲಿಕೋಟೆಯಲ್ಲಿ ವ್ಯಾಪಾರಿ ಸಂಘ, ಕಾರ್ಮಿಕ ಸಂಘ, ಪಕ್ಷ, ಎಲ್ಲದರಲ್ಲೂ ಎರಡೂ ಕಡೆಯವರು ಒಟ್ಟಿಗೆ ಕೂರುತ್ತಿದ್ದರು. ವದಂತಿ ಎದ್ದರೆ ಅದನ್ನು ಅಲ್ಲೇ ಅದುಮುವ ಜನ ಇದ್ದರು. ಹಬ್ಬದ ತಟ್ಟೆ ಓಡಾಡುವುದು ಒಳ್ಳೆಯದೇ, ಸಣ್ಣ ಊರಿನಲ್ಲಿ ಅಷ್ಟು ಸಾಕೂ ಆಗಬಹುದು. ದೊಡ್ಡ ಊರಿನಲ್ಲಿ ಸಾಲದು. ಹುಬ್ಬಳ್ಳಿಯ ನಿಮ್ಮ ಓಣಿಯ ಬಗ್ಗೆ ಚಿಂತೆ ಇದ್ದರೆ ಸುರಕುಂಬಾ ಈಗಲೂ ಬರುತ್ತದಾ ಅಂತ ಮಾತ್ರ ಕೇಳಬೇಡಿ. ಮಾರ್ಕೆಟ್ಟಿನ ಸಂಘದಲ್ಲಿ, ಶಾಲೆಯ ಸಮಿತಿಯಲ್ಲಿ ಯಾರು ಯಾರು ಇದ್ದಾರೆ ಅಂತಲೂ ಕೇಳಿ.

ಒಂದು ಸಣ್ಣ ವಿಷಯ ಉಳಿಯಿತು. ಮೇ ಕೊನೆಯ ವಾರ ಮತ್ತು ಜುಲೈ 20ರ ಆಸುಪಾಸು ಅಜ್ಜಿಗೆ ಕಷ್ಟದ ದಿನಗಳು. ಮೇ 31ರಂದು ಪ್ರಿಯೆಡೋರ್‌ನಲ್ಲಿ, ಬೇರೆ ದೇಶಗಳಲ್ಲೂ, ಜನ ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ನಡೆಯುತ್ತಾರೆ. ಆ ವರ್ಷ ಗುರುತು ಸಿಕ್ಕವರ ಮೂಳೆಗಳನ್ನು ಜುಲೈನಲ್ಲಿ ಒಟ್ಟಿಗೆ ಮಣ್ಣು ಮಾಡುತ್ತಾರೆ. ಕೊಜಾರಾತ್ಸ್‌ನವರು ಆಸ್ಟ್ರಿಯಾ, ಸ್ವೀಡನ್, ಸ್ವಿಟ್ಜರ್ಲೆಂಡಿನಿಂದ ಕಾರು ತುಂಬಿಕೊಂಡು ಊರಿಗೆ ಹೋಗುವುದೂ ಆಗಲೇ. ಆ ದಿನಗಳಲ್ಲಿ ಮಗಳನ್ನು ಕರೆತರಲು ಬೇರೆ ಏರ್ಪಾಡು ಮಾಡಿಕೊಳ್ಳಿ, ಅಜ್ಜಿಗೆ ಕಾರಣ ಕೇಳಬೇಡಿ.